ಟ್ರೈನಿಂಗ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್‌ಗಳಿಗೆ ಟ್ರೈನಿಂಗ್ ಇದೆ, ನಿನ್ನ ಹಳೇ ಪಿಪಿಟಿ ಕಳಿಸಮ್ಮ ಅಂದಿದ್ದೆ. ಕಳಿಸ್ತೀನಿ, ಆದರೆ ಅದನ್ನೇ ನೆಚ್ಚಿಕೊಂಡು ಹೋಗಬೇಡ. ಮಧ್ಯಾಹ್ನ ಊಟ ಆದಮೇಲೆ ಲೈಟ್ ಆರಿಸಿ ಸ್ಲೈಡ್ ಹಾಕಿದರೆ ಅರ್ಧ ಜನ ತೂಕಡಿಸ್ತಾರೆ. ಪಾಪ, ಕೆಲವರು ನೈಟ್ ಶಿಫ್ಟ್ ಮುಗಿಸಿ ನೇರ ಬಂದಿರ್ತಾರೆ.

ನಾನು ಒಬ್ಬ ಸೂಪರ್‌ವೈಸರನ್ನು ಮುಂದೆ ಕೂರಿಸಿ, ಇಂಗ್ಲಿಷಿನ ಶೋಕಾಸ್ ನೋಟಿಸೊಂದನ್ನು ಕೈಗೆ ಕೊಡ್ತೀನಿ. ‘ಗಟ್ಟಿಯಾಗಿ ಓದಿ ಸರ್, ನಿಮ್ಮ ಮೇಲಿರೋ ಆರೋಪ ಏನು ಅಂತ ಹೇಳಿ.’ ಪೀಣ್ಯದಲ್ಲೊಮ್ಮೆ ಹೀಗೆ ಕೂತವರು ಎರಡನೇ ಸಾಲಿಗೇ ತಡವರಿಸಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ‘ಮೇಡಂ, ಇದಕ್ಕೆ ಸೈನ್ ಹಾಕ್ಲೇಬೇಕಾ?’ ಅಂದರು. ಮೊದಲು ಎಲ್ಲರೂ ನಕ್ಕರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, ‘ಹೋದ ವಾರ ಆ ವೆಲ್ಡಿಂಗ್ ಹುಡುಗಾನೂ ಇದನ್ನೇ ಕೇಳಿದ್ದ’ ಅಂದ. ಅಲ್ಲಿಂದ ಸಂಜೆವರೆಗೆ ನಾನು ಮಾತಾಡೋದೇ ಬೇಕಾಗಲಿಲ್ಲ.

1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಲ್ಲೇ ಹೇಳಿತ್ತು: ಫ್ಯಾಕ್ಟರಿಯ ಕೆಲಸದ ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯೋ ಭಾಷೆಯಲ್ಲೂ ಗೇಟಿನ ಹತ್ತಿರ ಬೋರ್ಡಿಗೆ ಹಾಕಬೇಕು. ಎಷ್ಟೋ ಕಡೆ ಆ ಪ್ರತಿ ಎಚ್‌ಆರ್ ಬೀರುವಿನಲ್ಲಿ ಬೆಚ್ಚಗಿರೋದನ್ನು ನೋಡಿದ್ದೀನಿ.

ಟ್ರೈನಿಂಗ್ ಬೇರೆ, ಐಆರ್ (ಮಾಲೀಕ-ಕಾರ್ಮಿಕ ಸಂಬಂಧ) ಬೇರೆ ಅಂತ ನಿಮ್ಮ ಎಂಬಿಎಯಲ್ಲಿ ಎರಡು ಪೇಪರ್ ಮಾಡಿಟ್ಟಿದ್ದಾರೆ. ಶಾಪ್‌ಫ್ಲೋರಿನಲ್ಲಿ ಎರಡೂ ಒಂದೇ. ಹೋಗೋ ಬಾರೋ ಅನ್ನೋ ಸೂಪರ್‌ವೈಸರನ್ನು ತಿದ್ದದೆ ಬಿಟ್ಟರೆ ಆ ಜಗಳ ಮುಂದೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಅಂದರೆ ಕಾರ್ಮಿಕ ಇಲಾಖೆ ಕಚೇರಿ, ಹತ್ತುತ್ತೆ. ಅಲ್ಲಿಗೆ ಹೋದಮೇಲೆ ಎರಡೂ ಕಡೆಯವರು ಫೈಲು ನೋಡಿಕೊಂಡು ಮಾತಾಡ್ತಾರೆ, ಮುಖ ನೋಡಿಕೊಂಡಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ಹೋಗಿ ಹೊಸ ಸಂಹಿತೆ ಬಂದರೂ ಹಳಬರ ಬಾಯಲ್ಲಿ ರಾಜಿ ಒಪ್ಪಂದ ಇನ್ನೂ ಆ ಕಾಯ್ದೆಯ 12(3)ನೇ ಸೆಕ್ಷನ್ ಹೆಸರಲ್ಲೇ, ‘ಟ್ವೆಲ್ವ್ ತ್ರೀ’ನೇ. ನೀನು ಅದನ್ನು ತಿದ್ದೋಕೆ ಹೋಗಬೇಡ.

ಯೂನಿಯನ್ನಿನ ಬೇಡಿಕೆ ಪಟ್ಟಿ ಸಿಕ್ಕರೆ ಕೊನೆಯಿಂದ ಓದು. ಮೊದಲ ಸಾಲಿನಲ್ಲಿ ಸಂಬಳ ಇದ್ದೇ ಇರುತ್ತೆ. ಬಸ್ಸು, ಕ್ಯಾಂಟೀನ್ ಸಾರು, ಬಾತ್‌ರೂಮಿನ ಚಿಲಕ, ಇವೆಲ್ಲ ಕೊನೆಗೆ ಬರುತ್ತವೆ. ಸಿಟ್ಟು ಕೂತಿರೋದು ಅಲ್ಲೇ.

ಇನ್ನು ಪಟ್ಟಿಯೇ ಇಲ್ಲದೆಯೂ ಕಾರ್ಮಿಕರು ಬೀದಿಗೆ ಇಳಿಯಬಹುದು. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ ಬಂದ್ ಮಾಡಿದ್ದು ನಿನಗೆ ನೆನಪಿರಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ಮಾಡಿತ್ತು. ಮನೆ ಭೋಗ್ಯಕ್ಕೆ, ಮಕ್ಕಳ ಫೀಸಿಗೆ ಅವರು ನಂಬಿಕೊಂಡಿದ್ದ ದುಡ್ಡು ಅದು. ಎರಡನೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಮುಂದೆ ನಿಂತ ದೊಡ್ಡ ನಾಯಕರು ಯಾರೂ ಇರಲಿಲ್ಲ, ಮಾತಾಡೋಕೆ ಯಾರನ್ನು ಕರೀಬೇಕು ಅನ್ನೋದೇ ಮ್ಯಾನೇಜ್‌ಮೆಂಟ್‌ಗಳಿಗೆ ತೋಚಿರಲಿಲ್ಲ.

ಅದಕ್ಕೇ ಟ್ರೈನಿಂಗ್‌ಗೆ ಒಂದು ದಿನ ಮೊದಲೇ ಹೋಗು, ಊಟದ ಹೊತ್ತಿಗೆ. ಆಫೀಸರ್ಸ್ ಡೈನಿಂಗ್‌ಗೆ ಕರೀತಾರೆ. ನೀನು ತಟ್ಟೆ ಹಿಡಿದು ವರ್ಕರ್ಸ್ ಲೈನಲ್ಲಿ ನಿಂತ್ಕೋ. ಅವರು ಹೇಳಿದ್ದನ್ನು ಅಲ್ಲೇ ಬರ್ಕೋಬೇಡ, ಡೈರಿ ಕಂಡರೆ ಬಾಯಿ ಮುಚ್ಚಿಬಿಡ್ತಾರೆ.

ನಿನ್ನ
ಅಮ್ಮ