120/80 ಎಂದು ಬರೆದ ಮಾತ್ರಕ್ಕೆ ಬಿಪಿ ಇಳಿಯುತ್ತದೆಯೇ? ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳೇ,

ನಮಸ್ಕಾರ. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್ ನೋಡಬೇಕು, ಬಾಯಿ ಪರೀಕ್ಷಿಸಬೇಕು, ಹೆಣ್ಣುಮಕ್ಕಳಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಮಾಡಬೇಕು ಎಂದು ತಮಗೆ ಹೇಳಿಕೊಡುವಷ್ಟು ದೊಡ್ಡವರು ನಾವಲ್ಲ. ಆ ಸುತ್ತೋಲೆಗಳನ್ನು ಕೆಳಗೆ ಕಳಿಸುವವರೇ ತಾವು. ಸಾಂಕ್ರಾಮಿಕವಲ್ಲದ ರೋಗಗಳ (ಎನ್‌ಸಿಡಿ) ಈ ರಾಷ್ಟ್ರೀಯ ಕಾರ್ಯಕ್ರಮ 2010ರದ್ದು. 2023ರಲ್ಲಿ ಅದರ ಹೆಸರು ಬದಲಾಯಿತು. ಅದೇ ವರ್ಷ ಮೇ 17ರಂದು, 2025ರೊಳಗೆ ದೇಶದ 7.5 ಕೋಟಿ ಬಿಪಿ, ಶುಗರ್ ರೋಗಿಗಳಿಗೆ ಸರಿಯಾದ ಚಿಕಿತ್ಸೆ ಎಂಬ ಗುರಿಯೂ ಘೋಷಣೆಯಾಯಿತು. 2024ರಲ್ಲಿ ಕೋಲಾರದಿಂದ, ಮನೆಬಾಗಿಲಿಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ಶುರುವಾಯಿತು. ನಮ್ಮ ಉಪಕೇಂದ್ರಕ್ಕೂ ಹೊಸ ಬಣ್ಣ, ಹೊಸ ಬೋರ್ಡು ಬಂದಿವೆ. ಮಾತ್ರೆ ಮಾತ್ರ ಇನ್ನೂ ದಾರಿಯಲ್ಲೇ ಇದೆ.

ನಮ್ಮ ಬೇಡಿಕೆ ಮೊದಲೇ ಹೇಳಿಬಿಡುತ್ತೇವೆ, ಪತ್ರ ಪೂರ್ತಿ ಓದಲು ತಮಗೆ ಪುರುಸೊತ್ತು ಸಿಗದಿರಬಹುದು. ಬಿಪಿ, ಶುಗರ್ ಇದೆ ಎಂದು ಗೊತ್ತಾದವರಿಗೆ ಒಮ್ಮೆಗೆ 30 ದಿನದ ಮಾತ್ರೆ ಕೊಡಿಸಿ.

ಈ ಪತ್ರ ಬರೆಯಲೇಬೇಕು ಅನ್ನಿಸಿದ್ದು ಒಂದು ಊರಿನ ತಪಾಸಣಾ ಶಿಬಿರದ ರಿಜಿಸ್ಟರ್ ಕಣ್ಣಿಗೆ ಬಿದ್ದ ಮೇಲೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಆಶಾ ಕಾರ್ಯಕರ್ತೆಗೆ ನೋಟಿಸ್ ಹೋಗುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಆ ಪುಟದಲ್ಲಿ ಮೇಲಿಂದ ಕೆಳಗೆ ಒಂದೇ ಸಾಲು: 120/80, 120/80, 130/80, ಮತ್ತೆ 120/80. ಎಪ್ಪತ್ತು ದಾಟಿದ ಅಜ್ಜನಿಗೂ ಅದೇ, ಮೂವತ್ತರ ಸೊಸೆಗೂ ಅದೇ. ಡಿಜಿಟಲ್ ಯಂತ್ರದಲ್ಲಿ 117, 134, 151 ಹೀಗೆ ಎಲ್ಲ ಅಂಕಿಯೂ ಬರುತ್ತವೆ. ಕೊನೆಯಲ್ಲಿ ಸೊನ್ನೆ ಬರುವುದು ಹತ್ತರಲ್ಲಿ ಒಂದು ಸಲ. ಪುಟ ತುಂಬಾ ಸೊನ್ನೆಯೇ ಇದ್ದರೆ ಅಳೆದದ್ದು ಯಂತ್ರವಲ್ಲ, ಪೆನ್ನು. ವಿಚಾರಿಸಿದರೆ ಯಂತ್ರದ ಸೆಲ್ ಮುಗಿದಿತ್ತಂತೆ. ಅದೇ ಪುಟದಲ್ಲಿ 120/80 ಬರೆಸಿಕೊಂಡು, 'ನಾರ್ಮಲ್ ಇದೆ, ಹೋಗಮ್ಮಾ' ಎನ್ನಿಸಿಕೊಂಡು ಬಂದ ಹೆಂಗಸಿಗೆ ತಲೆನೋವು ನಿಲ್ಲದೆ ಮಾರನೇ ದಿನ ಖಾಸಗಿ ಕ್ಲಿನಿಕ್‌ಗೆ ಹೋದರೆ 186/104. ಇಲಾಖೆಯ ಪೋರ್ಟಲ್‌ನಲ್ಲಿ ಆಕೆ ಇಂದಿಗೂ ಆರೋಗ್ಯವಂತೆ. ಅಭಿನಂದನೆಗಳು, ಸ್ವಾಮಿ.

ಸೆಲ್ ಇದ್ದಾಗಲೂ ಶಿಬಿರದಲ್ಲಿ ಬಿಪಿ ನೋಡುವ ರೀತಿ ನೋಡಿ. ಸಾಲಿನಲ್ಲಿ ನಿಂತು ಸುಸ್ತಾದವರನ್ನು ಬೆನ್ನಿಗೆ ಆಸರೆಯಿಲ್ಲದ ಸ್ಟೂಲ್ ಮೇಲೆ ಕೂರಿಸಿ, ತೋಳಿನ ಬಟ್ಟೆಯ ಮೇಲೆಯೇ ಪಟ್ಟಿ ಸುತ್ತಿ, ಆಧಾರ್ ನಂಬರ್ ಕೇಳುತ್ತಲೇ ಬಟನ್ ಒತ್ತುತ್ತಾರೆ. ಮಾತಾಡುತ್ತಿದ್ದರೇ ಬಿಪಿ ಏರುತ್ತದೆ, ಮೂತ್ರ ಕಟ್ಟಿಕೊಂಡಿದ್ದರೂ ಏರುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಹಿಂದಿನ ಅರ್ಧ ಗಂಟೆಯಲ್ಲಿ ಟೀ, ಬೀಡಿ ಇರಬಾರದು. ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡಿ ಸರಾಸರಿ ತೆಗೆಯಬೇಕು. ದಪ್ಪ ತೋಳಿಗೆ ದೊಡ್ಡ ಪಟ್ಟಿಯೇ ಬೇಕು. ಸಣ್ಣದು ಸುತ್ತಿದರೆ ಇಲ್ಲದ ಬಿಪಿ ಇದೆ ಎಂದು ತೋರಿಸುತ್ತದೆ. ಅಂದರೆ ಕೆಲವರಿಗೆ ರೋಗವಿಲ್ಲದೆ ಗಾಬರಿ, ಕೆಲವರಿಗೆ ರೋಗವಿದ್ದೂ 120/80. ತಿಂಗಳ ಗುರಿ ಮಾತ್ರ ನೂರಕ್ಕೆ ನೂರು.

ಶುಗರ್ ಕತೆಯೂ ಇಷ್ಟೇ. ಸ್ಟ್ರಿಪ್ ಡಬ್ಬಿ ಬಿಸಿಲಲ್ಲಿ ಆಶಾ ಅವರ ಚೀಲದಲ್ಲಿ ಓಡಾಡುತ್ತದೆ. ಮುಚ್ಚಳ ಸಡಿಲವಾಗಿ ತೇವ ತಾಗಿದರೆ ಸ್ಟ್ರಿಪ್ ಕೆಟ್ಟಿತೆಂದೇ ಲೆಕ್ಕ. ಬಾಳೆಹಣ್ಣು ತಿಂದ ಕೈ ತೊಳೆಯದೆ ಚುಚ್ಚಿದರೆ ಸುಳ್ಳು ಏರಿಕೆ, ಬೆರಳು ಹಿಂಡಿ ಹಿಂಡಿ ರಕ್ತ ತೆಗೆದರೆ ಸುಳ್ಳು ಇಳಿಕೆ. ಶಿಬಿರದ ಶುಗರ್ 140 ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು; ಅದೊಂದನ್ನೇ ನಂಬಿ ಸಕ್ಕರೆ ಕಾಯಿಲೆ ಎನ್ನುವಂತಿಲ್ಲ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಇರಬೇಕು, ಇಲ್ಲವೇ ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 6.5 ಶೇಕಡಾ ಮುಟ್ಟಿರಬೇಕು, ಲಕ್ಷಣವಿಲ್ಲದಿದ್ದರೆ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕು. ಆಯಿತು, ಜನ ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಬರುತ್ತಾರೆ. ಲ್ಯಾಬ್ ಟೆಕ್ನಿಷಿಯನ್ ವಾರದಲ್ಲಿ ಮೂರು ದಿನ ಇನ್ನೊಂದು ಪಿಎಚ್‌ಸಿಯಲ್ಲಿ. ಇರುವ ದಿನವೂ ಬಾಗಿಲು ತೆಗೆಯುವುದು ಹನ್ನೊಂದಕ್ಕೆ. ಅಷ್ಟರಲ್ಲಿ ತಲೆ ಸುತ್ತಿ ಬಸ್‌ಸ್ಟ್ಯಾಂಡಿನಲ್ಲಿ ಟೀ, ಬನ್ನು ಆಗಿರುತ್ತದೆ. 'ತಿಂದು ಬಂದಿದ್ದೀರಾ? ನಾಳೆ ಬನ್ನಿ.' ಹೆಣ್ಣುಮಕ್ಕಳಿಗೆ ಬಸ್ಸೇನೋ ಫ್ರೀ, ಕಳೆದ ಕೂಲಿಯನ್ನು ಯಾವ ಗ್ಯಾರಂಟಿಯೂ ತುಂಬಿಕೊಡುವುದಿಲ್ಲ.

ಗರ್ಭಕಂಠದ ತಪಾಸಣೆಯ ಕಾಲಂನಲ್ಲಿ 'ಒಪ್ಪಲಿಲ್ಲ' ಎಂದು ಬರೆಯುವುದು ವಾಡಿಕೆಯಾಗಿದೆ. ಏಕೆ ಒಪ್ಪಲಿಲ್ಲ ಎಂಬ ಕಾಲಂ ಇಲ್ಲವಲ್ಲ! ಮಲಗಿಸಲು ಮಂಚವಿಲ್ಲ, ಕಿಟಕಿಗೆ ಪರದೆಯಿಲ್ಲ, ಒಳಗೆ ನೋಡಲು ಬಳಸುವ ಸ್ಪೆಕ್ಯುಲಮ್ ಉಪಕರಣ ಕುದಿಸಲು ವ್ಯವಸ್ಥೆಯಿಲ್ಲ. ಪರೀಕ್ಷೆ ಕಷ್ಟದ್ದೇನಲ್ಲ: ಆ ದಿನವೇ ಕಲಸಿದ 5 ಶೇಕಡಾ ಅಸಿಟಿಕ್ ಆಸಿಡ್ ಹಚ್ಚಿ, ಪೂರ್ತಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ನೋಡುವುದು. ಹಳೆಯ ದ್ರಾವಣ ಹಚ್ಚಿದರೆ, ಕಾಯದೆ ನೋಡಿದರೆ ಎಲ್ಲರೂ ನೆಗೆಟಿವ್. ಬಾಯಿ ನೋಡಲು ಒಂದು ಟಾರ್ಚ್ ಸಾಕು. ಗುಟ್ಕಾ ಹಾಕುವವನ ಬಾಯಿಗೆ ಮೂರು ಬೆರಳು ಹೋಗುತ್ತಿಲ್ಲವೆಂದರೆ, ಎರಡು ವಾರಕ್ಕೂ ಹುಣ್ಣು ಮಾಯುತ್ತಿಲ್ಲವೆಂದರೆ ಮೇಲಕ್ಕೆ ಕಳಿಸಬೇಕು. ಟಾರ್ಚಿಗೂ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ್ದಾರಂತೆ.

ಈಗ ಮತ್ತೆ ಮಾತ್ರೆಯ ಮಾತು. ಇಷ್ಟೆಲ್ಲ ದಾಟಿ ರೋಗ ಪತ್ತೆಯಾದವರಿಗೆ ಸಿಗುವುದು 10 ದಿನದ ಮಾತ್ರೆ, ಕೆಲವೊಮ್ಮೆ ಐದೇ ದಿನದ್ದು. ಉಳಿದದ್ದಕ್ಕೆ ಚೀಟಿ: 'ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ.' ಜನೌಷಧಿ ಅಂಗಡಿ ತಾಲ್ಲೂಕು ಕೇಂದ್ರದಲ್ಲಿದೆ. ಮಾತ್ರೆ ಮುಗಿದ ವಾರದೊಳಗೆ ಬಿಪಿ ಔಷಧ ಅಮ್ಲೋಡಿಪಿನ್ ಮೈಯಿಂದ ಇಳಿದುಹೋಗಿ ಬಿಪಿ ಹಳೆಯ ಜಾಗಕ್ಕೆ ಏರುತ್ತದೆ. ರೋಗಿ ಮುಂದಿನ ತಿಂಗಳು ಬಂದಾಗ ಡಾಕ್ಟರಿಗೆ ಕಾಣುವುದು ಏರಿದ ಬಿಪಿ ಮಾತ್ರ, ನಡುವೆ ಮಾತ್ರೆ ತಪ್ಪಿದ್ದು ಕಾಣುವುದಿಲ್ಲ. ಒಪಿಡಿಯ ಗದ್ದಲದಲ್ಲಿ ಕೇಳಲು ಪುರುಸೊತ್ತೂ ಇಲ್ಲ. 5 ಮಿಲಿಗ್ರಾಂ ಇದ್ದದ್ದು 10 ಆಗುತ್ತದೆ, ಇಲ್ಲವೇ ಜೊತೆಗೆ ಇನ್ನೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಸೇರುತ್ತದೆ. ಎರಡೂ ಒಟ್ಟಿಗೆ ಸಿಕ್ಕ ವಾರ ತಲೆ ಸುತ್ತಿ, ಕಾಲು ಊದಿ, 'ಈ ಮಾತ್ರೆ ನನಗೆ ಆಗಿಬರಲ್ಲ' ಎಂದು ಮನುಷ್ಯ ಪೂರ್ತಿ ಬಿಟ್ಟುಬಿಡುತ್ತಾನೆ. ಅಟೆನೊಲಾಲ್‌ನಂಥ ಬಿಪಿ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದಂತೂ ಹೃದಯದ ಕಾಯಿಲೆ ಇದ್ದವರಿಗೆ ನೇರ ಅಪಾಯ. ಆಮೇಲೆ ಇಲಾಖೆಯ ಭಿತ್ತಿಪತ್ರ ಹೇಳುತ್ತದೆ, ಜನರಲ್ಲಿ ಅರಿವಿನ ಕೊರತೆ ಇದೆ ಎಂದು. ಕೊರತೆ ಇರುವುದು ಪಿಎಚ್‌ಸಿಯ ಔಷಧ ಕಪಾಟಿನಲ್ಲಿ, ಸಾಹೇಬರೇ.

30 ದಿನದ ಮಾತ್ರೆ ಕೊಡಿಸಿ. ಪಿಎಚ್‌ಸಿಗಳಿಂದ ಇಂಡೆಂಟ್ ಬರಲಿಲ್ಲ ಎನ್ನಬೇಡಿ. ಲೆಕ್ಕ ಸಲೀಸಾಗಿದೆ: ನೋಂದಾಯಿತ ಬಿಪಿ ರೋಗಿಗಳ ಸಂಖ್ಯೆಯನ್ನು 30ರಿಂದ ಗುಣಿಸಿದರೆ ತಿಂಗಳಿಗೆ ಬೇಕಾದ ಮೊದಲ ಹಂತದ ಮಾತ್ರೆ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ದಿನಕ್ಕೆ ಎರಡಾದರೆ ಶುಗರ್ ರೋಗಿಗಳ ಸಂಖ್ಯೆಯನ್ನು 60ರಿಂದ. ಅದರ ಮೇಲೆ ಎರಡು ತಿಂಗಳ ದಾಸ್ತಾನು. ಕಳೆದ ವರ್ಷ ಎಷ್ಟು ಖರ್ಚಾಯಿತು ಎಂದು ನೋಡಿ ಇಂಡೆಂಟ್ ಹಾಕಿದರೆ, ಸ್ಟಾಕ್ ಇಲ್ಲದೆ ಖರ್ಚೇ ಆಗದ ತಿಂಗಳುಗಳೂ ಆ ಲೆಕ್ಕದಲ್ಲಿ ಸೇರಿ ಈ ವರ್ಷವೂ ಕಡಿಮೆಯೇ ಬರುತ್ತದೆ.

ತಿಂಗಳ ಪರಿಶೀಲನಾ ಸಭೆಯಲ್ಲಿ ಎಷ್ಟು ಜನರ ತಪಾಸಣೆ ಆಯಿತು ಎಂದು ಕೇಳುವುದನ್ನು ಸ್ವಲ್ಪ ಬದಿಗಿಡಿ. ನೋಂದಾಯಿತ ರೋಗಿಗಳಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ, ಎಷ್ಟು ಜನ ಮಾತ್ರೆಗೆ ಬರುವುದನ್ನೇ ಬಿಟ್ಟಿದ್ದಾರೆ ಎಂದು ಕೇಳಿ. ರಿಜಿಸ್ಟರ್ ತರಿಸಿ ಸೊನ್ನೆಗಳನ್ನು ಎಣಿಸಿ. ಯಂತ್ರಕ್ಕೆ ಸೆಲ್, ದೊಡ್ಡ ಪಟ್ಟಿ, ಬೆಳಿಗ್ಗೆ ಎಂಟಕ್ಕೆ ತೆರೆಯುವ ಲ್ಯಾಬ್, ಇವಕ್ಕೆ ಬೆಂಗಳೂರಿನ ಮಂಜೂರಾತಿ ಬೇಕೇ? ಬೇಕೆಂದರೆ ಅದನ್ನಾದರೂ ಬರವಣಿಗೆಯಲ್ಲಿ ತಿಳಿಸಿ, ಅಲ್ಲಿಗೇ ಬರೆಯುತ್ತೇವೆ.

ಮಾತ್ರೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಔಷಧ ಉಗ್ರಾಣದವರೊಂದಿಗೆ ತಾವೇ ಮಾತಾಡಬಹುದು. ಬರುವ ತಿಂಗಳ ಮೊದಲ ಎನ್‌ಸಿಡಿ ಕ್ಲಿನಿಕ್ ದಿನದಿಂದಲೇ 30 ದಿನದ ಮಾತ್ರೆ ಕೊಡಿಸಿ.

ಇಂತಿ,
ತಮ್ಮ ಜಿಲ್ಲೆಯ ಒಬ್ಬ ನಾಗರಿಕ