ಆಡಿನ ಹಿಕ್ಕೆ ಪರೀಕ್ಷೆ ಮತ್ತು ಸೊಪ್ಪಿನ ವಿಷಯ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟು ಬಿಟ್ಟು ಬರುತ್ತಿದೆ, ಆಡುಗಳ ಹೊಟ್ಟೆಯಲ್ಲಿ ಹುಳ ಜಾಸ್ತಿಯಾಗುವ ಕಾಲ ಇದೇ. ಪೆರ್ಲ, ಬದಿಯಡ್ಕ ಕಡೆಯವರ ಆಡುಗಳ ಹಿಕ್ಕೆಯನ್ನು ಹುಳದ ಪರೀಕ್ಷೆಗೆ ಸೋಮವಾರ ಒಟ್ಟಿಗೇ ಮೃಗಾಸ್ಪತ್ರೆಗೆ ಕೊಡುವುದು ಅಂತ ಮಾಡಿದ್ದೇವೆ. ಆಗ ತಾನೇ ಹಾಕಿದ್ದು ಬೇಕು, ನೆಲದಲ್ಲಿ ಒಣಗಿದ್ದು ಬೇಡ. ಸಣ್ಣ ಡಬ್ಬಿಗೆ ಹಾಕಿ, ಯಾವ ಆಡಿನದ್ದು ಅಂತ ಬರೆದು ಬೆಳಗ್ಗೆ 9ರೊಳಗೆ ನನಗೆ ತಲುಪಿಸಿ.

ಇನ್ನು ಸೊಪ್ಪು. ಹಲಸಿನ ಎಲೆ, ಒಣಗಿಸಿದ ಮರಗೆಣಸಿನ ಸೊಪ್ಪು ಇವುಗಳಲ್ಲಿ ಟ್ಯಾನಿನ್ ಅನ್ನುವ ಒಗರು ಇದೆ, ಅದು ರಕ್ತ ಹೀರುವ ಹುಳದ ಕಾಟ ಸ್ವಲ್ಪ ತಗ್ಗಿಸಲು ಸಹಾಯ ಮಾಡುತ್ತದೆ, ಆದರೆ ಇದ್ದ ಹುಳವನ್ನೆಲ್ಲ ಕೊಲ್ಲುವುದಿಲ್ಲ, ಹಾಗಾಗಿ ಮದ್ದಿನ ಬದಲಿಗೆ ಅಲ್ಲ, ಮದ್ದಿನ ಜೊತೆಗೆ. ಮರಗೆಣಸಿನ ಹಸಿ ಸೊಪ್ಪು ಮಾತ್ರ ಹಾಕಲೇಬೇಡಿ, ಅದರಲ್ಲಿ ಸಯನೈಡ್ ವಿಷ ಇದೆ. ಬಿಸಿಲು ಕಂಡಾಗ ಚೆನ್ನಾಗಿ ಒಣಗಿಸಿಯೇ ಕೊಡಿ. ಒಗರು ಜಾಸ್ತಿಯಾದರೂ ಆಡು ಮೇವು ಬಿಡುತ್ತದೆ, ನಮ್ಮ ಮನೆಯಲ್ಲಿ ಒಂದು ಹಾಗೇ ಮಾಡಿತ್ತು.

ಹುಳ ರಕ್ತ ಹೀರಿದೆಯಾ ಅಂತ ತಿಳಿಯಲು ಆಡಿನ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಿದ್ದರೆ ಪರವಾಗಿಲ್ಲ. ಬಿಳಿಚಿದ್ದರೆ ಸೊಪ್ಪು ಅಂತ ಕೂರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಬೆಳಗ್ಗೆ ಹುಲ್ಲಿನ ನೀರು ಆರುವ ತನಕ ಮೇಯಲು ಬಿಡಬೇಡಿ, ಮರಿಹುಳ ಒದ್ದೆ ಹುಲ್ಲು ಹತ್ತಿಯೇ ಕೂತಿರುತ್ತದೆ.

ಯಾರ ಮನೆಯಿಂದ ಎಷ್ಟು ಡಬ್ಬಿ ಅಂತ ಶನಿವಾರ ರಾತ್ರಿಯೊಳಗೆ ಇಲ್ಲೇ ಗ್ರೂಪಿನಲ್ಲಿ ಬರೆದು ಹಾಕಿ. ಸುಮ್ನೆ ಹೆಬ್ಬೆಟ್ಟಿನ ಚಿತ್ರ ಒತ್ತಿದರೆ ನನಗೆ ಲೆಕ್ಕ ಸಿಗುವುದಿಲ್ಲ, ಅಲ್ವಾ!