ಮಗಳಿಗೊಂದು ಪತ್ರ: ಶೀಟಿನ ಮೇಲೆ ಕಾಲಿಡಬೇಡ

ಪುಟ್ಟಿ,

ಬರುವ ಶನಿವಾರ ಬೆಳಗ್ಗೆ ಗೆಳೆಯರ ಜೊತೆ ಕೆಜಿಎಫ್‌ನ ಹಳೆ ಚಿನ್ನದ ಗಣಿ ನೋಡಲು ಹೊರಟಿದ್ದೀಯ ಅಂತ ಅಮ್ಮ ಹೇಳಿದಳು. ಭಾನುವಾರ ರಾತ್ರಿ ನಮ್ಮಿಬ್ಬರ ನಡುವೆ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಎದುರು ಕೂತು ಮಾತಾಡಿದರೆ ಮತ್ತೆ ದನಿ ಏರುತ್ತದೆ, ಅದಕ್ಕೇ ಈ ಪತ್ರ.

ಕ್ಯಾಮೆರಾ ಕಿತ್ತಿಡುತ್ತೇನೆ ಅಂದೆನಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಕಂದ. ನಿನ್ನ ಸಂಬಳದಲ್ಲಿ ನೀನು ತಗೊಂಡ ಕ್ಯಾಮೆರಾ ಅದು. ನನ್ನ ಸಿಟ್ಟು ಅದರ ಮೇಲಲ್ಲ, ನೀನು ಹಳೆ ಕಾರ್ಖಾನೆಗಳಿಗೆ ಹೋಗುವುದರ ಮೇಲೂ ಅಲ್ಲ. ಆ ಒಂದು ಫೋಟೊ ಮೇಲೆ. ಪೀಣ್ಯದ ಆ ಮುಚ್ಚಿದ ಶೆಡ್ಡಿನ ಚಾವಣಿ ಮೇಲೆ ನೀನು ನಿಂತಿದ್ದೀಯ, ಹಿಂದೆ ಸೂರ್ಯ ಮುಳುಗುತ್ತಿದೆ. ಅಮ್ಮ ಆಕಾಶ ಎಷ್ಟು ಚೆನ್ನಾಗಿದೆ ಅಂದಳು. ನಾನು ನೋಡಿದ್ದು ನಿನ್ನ ಕಾಲನ್ನು. ಎಡಗಾಲು ಬೋಲ್ಟಿನ ಸಾಲಿನಿಂದ ಆಚೆ, ಬರೀ ಶೀಟಿನ ಮೇಲಿತ್ತು.

ಬೋಲ್ಟಿನ ಸಾಲು ಅಂದರೆ ಏನು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಸಿಮೆಂಟ್ ಶೀಟಿನ ಚಾವಣಿಯ ಕೆಳಗೆ ಪರ್ಲಿನ್ ಅನ್ನುವ ಕಬ್ಬಿಣದ ಪಟ್ಟಿಗಳು ಅಡ್ಡಡ್ಡ ಇರುತ್ತವೆ. ಶೀಟನ್ನು ಜೆ-ಬೋಲ್ಟ್ ಹಾಕಿ ಅವುಗಳಿಗೆ ಬಿಗಿದಿರುತ್ತಾರೆ. ಮೇಲಿಂದ ನೋಡಿದರೆ ಬೋಲ್ಟಿನ ತಲೆಗಳು ಸಾಲಾಗಿ ಕಾಣುತ್ತವೆ. ಕಬ್ಬಿಣ ಇರುವುದು ಆ ಸಾಲಿನ ಕೆಳಗೆ ಮಾತ್ರ. ಮಿಕ್ಕಿದ್ದೆಲ್ಲ 6 ಮಿಲಿಮೀಟರ್ ದಪ್ಪದ ಶೀಟು, ಅದರ ಕೆಳಗೆ ಗಾಳಿ. ಸಿಮೆಂಟಿಗೆ ಕಲ್ನಾರು ಸೇರಿಸಿ ಮಾಡಿದ ಶೀಟು ಅದು. ವರ್ಷಗಟ್ಟಲೆ ಮಳೆ ಬಿಸಿಲು ತಿಂದರೆ ಸತ್ವ ಹೋಗುತ್ತದೆ. ಕಬ್ಬಿಣವಾದರೆ ಮೊದಲು ಬಾಗುತ್ತದೆ, ಹುಷಾರಾಗಲು ಒಂದು ಕ್ಷಣ ಸಿಗುತ್ತದೆ. ಇದು ಹಪ್ಪಳದ ಹಾಗೆ ಒಮ್ಮೆಗೇ ಮುರಿಯುತ್ತದೆ. ಸಾಲದ್ದಕ್ಕೆ ನಡುನಡುವೆ ಬೆಳಕಿಗೆ ಅಂತ ಫೈಬರ್ ಶೀಟು ಹಾಕಿರುತ್ತಾರೆ. ಹೊಸದರಲ್ಲಿ ಅದು ಬೇರೆ ಅಂತ ಗೊತ್ತಾಗುತ್ತದೆ. ಧೂಳು, ಪಾಚಿ ಕೂತ ಮೇಲೆ ಯಾವುದು ಸಿಮೆಂಟು, ಯಾವುದು ಫೈಬರ್ ಅಂತ ನನ್ನ ಕಣ್ಣಿಗೂ ತಿಳಿಯುವುದಿಲ್ಲ.

ನೀನು ಹುಟ್ಟುವ ಮುಂಚಿನ ಮಾತು. ನಾನು ಕೆಲಸ ಮಾಡುತ್ತಿದ್ದ ಕಡೆ, ಮಳೆಗಾಲಕ್ಕೆ ಮುಂಚೆ ಸೋರುವ ಜಾಗ ಮುಚ್ಚಲು ಕಾಂಟ್ರಾಕ್ಟಿನ ಹುಡುಗನೊಬ್ಬ ಮೇಲೆ ಹತ್ತಿದ್ದ. ಹಲಗೆ ಹಾಸಿರಲಿಲ್ಲ. ಬೆಲ್ಟೂ ಕೊಟ್ಟಿರಲಿಲ್ಲ. ನಾನು ಕೆಳಗೆ ಡ್ರಿಲ್ಲಿಂಗ್ ಮೆಷಿನ್ ಹತ್ತಿರ ಇದ್ದೆ. ಮೇಲಿಂದ ಫಟ್ ಅಂತ ಸದ್ದು ಬಂತು. ಮೊದಲು ಶೀಟಿನ ತುಂಡುಗಳು ಬಿದ್ದವು, ಆಮೇಲೆ ಅವನು. ಅವನು ಕೂಗಲೇ ಇಲ್ಲ. 25 ಅಡಿ ಎತ್ತರದಿಂದ ನೆಲಕ್ಕೆ ಬರಲು ಒಂದೂಕಾಲು ಸೆಕೆಂಡು ಸಾಕು, ಆಮೇಲೆ ನಾನೇ ಲೆಕ್ಕ ಹಾಕಿದ್ದೇನೆ. ಅವನ ಒಂದು ಹವಾಯಿ ಚಪ್ಪಲಿ ಮೇಲೆಯೇ ಉಳಿದುಬಿಟ್ಟಿತ್ತು.

ಬದುಕಿದ. ಆದರೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ನಾವು ನಾಲ್ಕೈದು ಜನ ದುಡ್ಡು ಸೇರಿಸಿಕೊಂಡು ಅವನ ಊರಿಗೆ ಹೋಗಿದ್ದೆವು. ಅವನ ತಾಯಿ ನಮಗೆ ಊಟ ಹಾಕಿದರು. ಅತ್ತಿರಲಿಲ್ಲ. ಬಡಿಸುತ್ತಾ ಒಂದೇ ಮಾತು ಕೇಳಿದರು: "ಅದರ ಮೇಲೆ ಕಾಲಿಡಬಾರದು ಅಂತ ನನ್ನ ಮಗನಿಗೆ ಯಾರೂ ಹೇಳಲಿಲ್ವಾ?" ನಮ್ಮ ಯಾರ ಬಾಯಲ್ಲೂ ಉತ್ತರ ಇರಲಿಲ್ಲ. ಪುಟ್ಟಿ, ನಾನು ಹೇಳುತ್ತಿದ್ದೇನೆ. ಶೀಟಿನ ಮೇಲೆ ಕಾಲಿಡಬೇಡ. ಬೋಲ್ಟಿನ ಸಾಲಿನ ಮೇಲೂ ಬೇಡ. ಕೆಳಗೆ ಪರ್ಲಿನ್ ತುಕ್ಕು ಹಿಡಿದಿರುತ್ತದೆ.

ಈಗ ನಿನ್ನ ಮಿಕ್ಕ ಫೋಟೊಗಳ ವಿಷಯ. ಎಲ್ಲವನ್ನೂ ನೋಡಿದೆ. ಅಮ್ಮ ಮಲಗಿದ ಮೇಲೆ ಮತ್ತೆ ನೋಡಿದೆ. ಆ ಉದ್ದನೆ ಶೆಡ್ಡಿನ ಒಳಗಿನದು, ಎಲ್ಲೂ ಗಾಢ ನೆರಳೇ ಇಲ್ಲದ್ದು, ತುಂಬಾ ಚೆನ್ನಾಗಿದೆ. ಆ ಚಾವಣಿ ಗರಗಸದ ಹಲ್ಲಿನ ಆಕಾರದ್ದು. ಗಾಜನ್ನೆಲ್ಲ ಉತ್ತರಕ್ಕೆ ಇಡುತ್ತಾರೆ. ನೇರ ಬಿಸಿಲು ಒಳಗೆ ಅಷ್ಟಾಗಿ ಬೀಳುವುದಿಲ್ಲ, ದಿನವಿಡೀ ಒಂದೇ ಸಮ ಬೆಳಕು. ಲೇತ್ ಮುಂದೆ ನಿಂತವನ ಕಣ್ಣಿಗೆ ಹೊಡೆಯಬಾರದು ಅಂತ ಮಾಡಿದ್ದು. ಅದು ನಿನಗೆ ಗೊತ್ತಿತ್ತೋ ಇಲ್ಲವೋ, ಆ ಬೆಳಕನ್ನು ಹಾಗೇ ಹಿಡಿದಿದ್ದೀಯ. ನನಗೆ ಎಷ್ಟು ಹೆಮ್ಮೆ ಆಯಿತು ಅಂತ ಬರೆಯಲು ಬರುತ್ತಿಲ್ಲ. ಒಂದು ಮಾತು ಮಾತ್ರ. ಕ್ರೇನ್ ಫೋಟೊ ಕೆಳಗೆ 'ಕಾಲ ನಿಂತ ಜಾಗ' ಅಂತ ಬರೆದಿದ್ದೀಯ. ಅಲ್ಲಿ ನಿಂತದ್ದು ಕೆಲಸ. ಅದು 5 ಟನ್ನಿನ ಕ್ರೇನು, ಬೀಮಿನ ಮೇಲೆ ಪೇಂಟಿನಲ್ಲಿ ಬರೆದಿರುವುದು ನಿನ್ನ ಫೋಟೊದಲ್ಲೇ ಕಾಣುತ್ತದೆ. ಅಲ್ಲಿ ಏನು ತಯಾರಾಗುತ್ತಿತ್ತು, ಯಾವಾಗ ಮುಚ್ಚಿತು ಅಂತ ವಿಚಾರಿಸಿ ಬರಿ. ಸುಮ್ನೆ ತುಕ್ಕು ಚೆಂದ ಅಂತ ತೋರಿಸಿದರೆ ಅಲ್ಲಿ ದುಡಿದವರಿಗೆ ಅನ್ಯಾಯ.

ಬೈಯಪ್ಪನಹಳ್ಳಿ ಮೆಟ್ರೊ ಪಕ್ಕದ ಎನ್‌ಜಿಇಎಫ್ ಇದೆಯಲ್ಲ, 1956ರಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಾಯದಿಂದ ಶುರುವಾದದ್ದು. ಟ್ರಾನ್ಸ್‌ಫಾರ್ಮರ್, ಮೋಟಾರು ಮಾಡುತ್ತಿದ್ದರು. 2002ರಲ್ಲಿ ಮುಚ್ಚಿತು. ಬಿನ್ನಿ ಮಿಲ್ಲು 1884ರದ್ದು, ಈಗ ಅಲ್ಲಿ ಅಪಾರ್ಟ್‌ಮೆಂಟು. ರಾಜಾ ಮಿಲ್ಲು ಇದ್ದ ಕಡೆ ಮಂತ್ರಿ ಮಾಲ್. ಎಚ್‌ಎಂಟಿ ವಾಚಿನ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಶುರುವಾಯಿತು, 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ತೀರ್ಮಾನ ಮಾಡಿತು. ಅದಕ್ಕಾದರೂ ಜಾಲಹಳ್ಳಿಯಲ್ಲಿ ಮ್ಯೂಸಿಯಂ ಆಗಿದೆ. ಮಿಕ್ಕವಕ್ಕೆ ನಿನ್ನಂಥವರ ಫೋಟೊಗಳೇ ಗತಿ. ಅದಕ್ಕೇ ನಿನ್ನನ್ನು ಹೋಗಬೇಡ ಅನ್ನಲು ನನಗೆ ಮನಸ್ಸಿಲ್ಲ.

ಆದರೆ ಕಾಂಪೌಂಡ್ ಹಾರಿ ಹೋಗಬೇಡ. ಅನುಮತಿ ಕೇಳು. ಕೊಡದಿದ್ದರೆ ಹೊರಗಿನಿಂದ ತೆಗಿ. ಒಬ್ಬಳೇ ಒಳಗೆ ಇಳಿಯಬೇಡ. ಮುಚ್ಚಿದ ಟ್ಯಾಂಕಿಗೆ ತಲೆ ಹಾಕಬೇಡ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಾ ಅಲ್ಲಿನ ಆಮ್ಲಜನಕ ತಿಂದುಬಿಟ್ಟಿರುತ್ತದೆ. ವಾಸನೆಯಿಂದ ಏನೂ ಗೊತ್ತಾಗುವುದಿಲ್ಲ, ಹೋದವರು ಅಲ್ಲೇ ಕುಸಿಯುತ್ತಾರೆ. ಹಳೆ ಟ್ರಾನ್ಸ್‌ಫಾರ್ಮರ್ ಎಣ್ಣೆ ಮುಟ್ಟಬೇಡ. ಒಡೆದ ಶೀಟಿನ ಪುಡಿ ಬಿದ್ದ ಕಡೆ ಕೂರಬೇಡ, ಟ್ರೈಪಾಡ್ ಎಳೆದಾಡಬೇಡ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಬರುವುದು ಇಪ್ಪತ್ತು ಮೂವತ್ತು ವರ್ಷ ಆದ ಮೇಲೆ. ಬಟ್ಟೆ ಮಾಸ್ಕು ಅದನ್ನು ತಡೆಯುವುದಿಲ್ಲ. ಜಾಸ್ತಿ ಆಯಿತು ಅನ್ನಿಸುತ್ತಿದೆ ಅಲ್ವಾ? ಆಗಲಿ, ಓದು.

ಕೆಜಿಎಫ್ ಇನ್ನೊಂದು ಥರ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು, ಪಂಪುಗಳೂ ನಿಂತವು, ಒಳಗೆಲ್ಲ ನೀರು ತುಂಬಿಕೊಂಡಿತು. ಗಣಿಗೆ ಇಳಿಯುವ ಶಾಫ್ಟಿನ ಬಾಯಿ ಕಂಡರೆ ದೂರ ನಿಂತು ಜೂಮ್ ಹಾಕು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆ, ಆ ಸೈನೈಡ್ ದಿಬ್ಬಗಳ ಫೋಟೊ ಬೇಕಾದರೆ ಗಾಳಿ ಇಲ್ಲದ ಹೊತ್ತಿನಲ್ಲಿ, ರಸ್ತೆಯಿಂದಲೇ ತೆಗಿ. ಅಲ್ಲಿಯ ಹಳೆ ಕಾರ್ಮಿಕರು ಸಿಕ್ಕರೆ ಕೂತು ಮಾತಾಡಿಸು. ಎಲ್ಲಿ ಕಾಲಿಡಬಾರದು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮತ್ತೆ ಅದೇ ಮಾತಿಗೆ ಬಂದೆ. ಏನು ಮಾಡಲಿ, ನಿನ್ನೆ ರಾತ್ರಿಯೂ ಆ ಫೋಟೊ ಎತ್ತಿ ನೋಡಿದೆ. ದೊಡ್ಡದು ಮಾಡಿ ನೋಡಿದರೆ ನಿನ್ನ ಎಡಗಾಲ ಹತ್ತಿರದ ಶೀಟಿನ ಬಣ್ಣ ಪಕ್ಕದ್ದಕ್ಕಿಂತ ಸ್ವಲ್ಪ ತಿಳಿ. ಅದು ಫೈಬರ್ ಇರಬಹುದು. ನೀನು ಸುರಕ್ಷಿತವಾಗಿ ಇಳಿದು ಬಂದಿದ್ದೀಯ, ಪಕ್ಕದ ರೂಮಿನಲ್ಲೇ ಮಲಗಿದ್ದೀಯ ಅಂತ ಗೊತ್ತಿದ್ದೂ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದೆ.

ನಾಳೆ ಎಸ್‌ಜೆಪಿ ರೋಡಿಗೆ ಹೋಗುತ್ತಿದ್ದೇನೆ. ನಿನಗೆ ಸೇಫ್ಟಿ ಶೂ ತರುತ್ತೇನೆ, ಮೊಳೆ ಚುಚ್ಚದ ಹಾಗೆ ಅಡಿಯಲ್ಲಿ ಸ್ಟೀಲ್ ತಗಡು ಇರುವಂಥದ್ದು. ಒಳ್ಳೆಯ ಮಾಸ್ಕ್ ಕೂಡ. ಶೂ ಸೈಜು ಐದೋ ಆರೋ ಅಂತ ಅಮ್ಮನಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಜೊತೆ ಮಾತಾಡಲು ಇಷ್ಟ ಇಲ್ಲದಿದ್ದರೆ ಮೆಸೇಜ್ ಮಾಡು, ಸಾಕು. ಹನ್ನೊಂದು ಗಂಟೆಯೊಳಗೆ ಮಾಡು. ಆಮೇಲೆ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ನಿನ್ನ ಅಪ್ಪ